ಹುಲಿ ಕಚ್ಚಿದ ಕೋವಿಗೆ ಪಾಲಿಶು

ಹಳೆಯ ಸಾಮಾನು ಕಂಡರೆ ಕೈ ತುರಿಸುವ ಜನ ಇದ್ದಾರೆ. ತನ್ನಷ್ಟಕ್ಕೆ ಬಿಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಬಾಳುವುದನ್ನು ಹೊಸದು ಮಾಡುತ್ತೇನೆಂದು ಹಿಡಿದು, ಸಂಜೆಯೊಳಗೆ ಕೆಡಿಸಿ ಕೂರುತ್ತಾರೆ. ಇಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾನೂ ಅವರಲ್ಲೊಬ್ಬ ಎಂಬುದು ಬೇರೆ ಮಾತು.

ಲಿಂಗದಹಳ್ಳಿಯ ನಮ್ಮ ಮನೆಯ ನಡುಮನೆ ಗೋಡೆಯಲ್ಲಿ ಅಜ್ಜನ ಕೇಪಿನ ಕೋವಿ ತೂಗುತ್ತಿತ್ತು. ನಳಿಗೆಯ ಬಾಯಿಂದ ಮದ್ದು ಸುರಿದು, ಸಲಾಕೆಯಿಂದ ಜಡಿದು, ಗುರಿ ಹಿಡಿಯುವಷ್ಟರಲ್ಲಿ ಹಂದಿ ಗದ್ದೆ ಮೇದು ಕಾಡು ಸೇರಿರುತ್ತಿತ್ತು. ವರ್ಷಕ್ಕೊಮ್ಮೆ ತರೀಕೆರೆಗೆ ಹೊತ್ತು ಒಯ್ದು ತೋರಿಸಿದರೆ ಅಮಲ್ದಾರರು, "ಇದರಿಂದ ಮಹಾರಾಜರ ಸರ್ಕಾರಕ್ಕೇನೂ ಅಪಾಯವಿಲ್ಲ, ಹೋಗಿ" ಎನ್ನುತ್ತಿದ್ದರು. ಹೆಗಲಿಗೆ ಆನಿಸುವ ಮರದ ಬುಡದಲ್ಲಿ ಮೂರು ಗುಳಿಗಳಿದ್ದವು. ಹುಲಿ ಮೇಲೆ ಬಿದ್ದಾಗ ಅದರ ಬಾಯಿಗೆ ಕೋವಿಯನ್ನೇ ಅಡ್ಡ ಕೊಟ್ಟೆ, ಅದರ ಹಲ್ಲಿನ ಗುರುತು ಇದು ಎನ್ನುತ್ತಿದ್ದ ಅಜ್ಜ. ಅಜ್ಜನ ಬಾಯಲ್ಲಿ ಬೆಕ್ಕೂ ಹುಲಿಯಾಗುತ್ತಿತ್ತು, ಹಾಗಾಗಿ ನಾನು ಮೂಗು ಮುರಿಯುತ್ತಿದ್ದೆ.

ಮಗಳನ್ನು ನೋಡಲು ಅಜ್ಜಂಪುರದಿಂದ ಗಂಡಿನ ಕಡೆಯವರು ಬರುವುದೆಂದಾಯಿತು. ಒಳ್ಳೆಯ ಮನೆತನ, ಯೋಗ್ಯ ಹುಡುಗ. ಈ ಸಂಬಂಧ ಕೈತಪ್ಪಬಾರದೆಂದು ನನಗೆ ತುಂಬ ಆಸೆ. ಮಸಿ ಹಿಡಿದ ಕೋವಿ ಅವರ ಕಣ್ಣಿಗೆ ಬಿದ್ದರೆ ಮರ್ಯಾದೆ ಏನಾಗಬೇಕು? ಗಾಜಿನ ಚೂರಿನಿಂದ ಹೆರೆದೆ, ಉಪ್ಪುಕಾಗದ ತಿಕ್ಕಿದೆ, ಅಗಸೆ ಎಣ್ಣೆ ಕುಡಿಸಿದೆ. ಗುಳಿಗಳು ಪೂರ್ತಿ ಹೋಗುವವರೆಗೆ ಹಠ ಹಿಡಿದು ಹೆರೆದೆ. ಅವುಗಳ ಜೊತೆ ಅಜ್ಜನ ಬಡಾಯಿಯೂ ತೊಲಗಿತೆಂದು ಸಮಾಧಾನವಾಯಿತು.

ಹೆಂಡತಿ ನೋಡಿ ಹಣೆ ಚಚ್ಚಿಕೊಂಡಳು. "ಅಲ್ರೀ, ಹುಡ್ಗನ ತಾತ ಬರ್ತಿರೋದೇ ಆ ಹುಲಿ ಹಲ್ಲಿನ ಗುರ್ತು ನೋಡೋಕೆ. ಹುಲಿ ಬಾಯಿಗೆ ಕೈ ಹಾಕಿದೋರ ಮನೆ ಹೆಣ್ಣು ಅಂತ ತಾನೇ ಅವ್ರು ಒಪ್ಕೊಂಡಿರೋದು."

ಉಳಿ ಹಿಡಿದು ಮತ್ತೆ ಕೂತೆ. ಸುಳ್ಳನ್ನಾದರೂ ನೆಟ್ಟಗೆ ಹೇಳಬೇಡವೇ? ಹುಲಿಗೆ ಕೋರೆಹಲ್ಲು ನಾಲ್ಕು. ಮೂರು ಗುಳಿ ತೋರಿಸಿ ಊರನ್ನೇ ನಂಬಿಸಲು ಹೊರಟಿದ್ದ ಅಜ್ಜನ ಅರೆಬರೆ ಕೆಲಸಕ್ಕೆ ನಗು ಬಂತು. ನಾನು ಅಚ್ಚುಕಟ್ಟಾಗಿ ನಾಲ್ಕು ಕೊರೆದು ಮಸಿ ತುಂಬಿದೆ.

ಹುಡುಗನ ತಾತ ಬೆಲ್ಲ-ನೀರು ಮುಟ್ಟುವ ಮೊದಲೇ ಕೋವಿ ತರಿಸಿಕೊಂಡು, ತೊಡೆಯ ಮೇಲಿಟ್ಟು, ಒಂದೊಂದೇ ಗುಳಿಗೆ ಬೆರಳಿಟ್ಟರು. "ಆವತ್ತು ನಮ್ಮಪ್ಪ ಪಕ್ಕದಲ್ಲೇ ಇದ್ರು ಕಣ್ರೀ. ಹುಲಿ ಬಾಯಿಂದ ಇದನ್ನ ಕಿತ್ಕೊಂಡೋರೇ ಅವ್ರು. ಮುದಿ ಹುಲಿ, ಒಂದು ಕೋರೆ ಮುರ್ದಿತ್ತು, ಮೂರೇ ಗುರ್ತು ಬಿದ್ದಿದ್ದು ಅಂತಿದ್ರು. ಇಲ್ಲಿ ನಾಲ್ಕಿದಾವಲ್ಲ?"

ಬಾಗಿಲ ಸಂದಿಯಿಂದ ಹೆಂಡತಿ ಕಣ್ಣಲ್ಲೇ ನನ್ನನ್ನು ಸುಡುತ್ತಿದ್ದಳು.

"ಕೊನೇದು ಹುಲೀದಲ್ಲ ಯಜಮಾನ್ರೇ. ಪಾಲಿಶು ಮಾಡೋವಾಗ ನನ್ನ ಉಳಿ ಜಾರಿದ್ದು," ಎಂದೆ, ತಲೆ ತಗ್ಗಿಸಿ.

ಅವರ ಮುಖ ಅರಳಿತು. "ಮುಚ್ಚುಮರೆ ಇಲ್ದೆ ಒಪ್ಕೊಂಡ್ರಲ್ಲ. ಇಂಥ ಸತ್ಯವಂತರ ಮನೆ ಹೆಣ್ಣೇ ನಮಗೆ ಬೇಕಾಗಿತ್ತು," ಎಂದು ಆಗಲೇ ತಾಂಬೂಲ ಬದಲಾಯಿಸಿದರು.

ನಾನು ವಿನಯದಿಂದ ಕೈಮುಗಿದೆ. ಅಷ್ಟು ನಾಚಿಕೆಗೆಟ್ಟವನು ನಮ್ಮಜ್ಜನೂ ಆಗಿರಲಿಲ್ಲ.