ಅಕ್ಕ ಮ್ಯಾನೇಜ್ ಮಾಡಿದ್ದು

ನಾನು ಮೊದಲ ಸಲ ಊರು ಬಿಟ್ಟು ಹೊರಟದ್ದು ಒಂದು ಸೋಮವಾರ, ಏಳನೇ ಕ್ಲಾಸಿನ ಇಂಗ್ಲಿಷ್ ಪರೀಕ್ಷೆಯ ದಿನ. 'ಮ್ಯಾನೇಜ್' ಎಂಬ ಶಬ್ದವನ್ನು ಸ್ವಂತ ವಾಕ್ಯದಲ್ಲಿ ಬಳಸಿ ಎಂದು ಪ್ರಶ್ನೆ ಬಂದಿತ್ತು. ಸ್ವಂತ ವಾಕ್ಯಗಳು ನನ್ನ ಹತ್ತಿರ ಬೇಕಾದಷ್ಟಿದ್ದವು, ಈ ಶಬ್ದ ಹಿಡಿಸುವಂಥದ್ದು ಒಂದೂ ಇರಲಿಲ್ಲ. ನೀರು ಕುಡಿದು ಬರುತ್ತೇನೆ ಎಂದು ಇಂಗ್ಲಿಷ್ ಮಾಷ್ಟ್ರಿಗೆ ಹೇಳಿ ಎದ್ದವನು ಆ ನೀರು ಕುಡಿದದ್ದು ಮರಾಠಿ ನಾಡಿನ ಕಳವಾ ಸ್ಟೇಷನ್ನಿನ ನಲ್ಲಿಯಲ್ಲಿ.

ಶಬ್ದಕ್ಕೆ ಸಿಟ್ಟು ಬಂದಿರಬೇಕು. ಅಂದಿನಿಂದ ನಾನು ಎಲ್ಲಿ ಹೋದರೂ ಅದು ನನಗಿಂತ ಮೊದಲು ಹೋಗಿ ಕೂತಿರುತ್ತದೆ, ಪ್ರತಿ ಸಲ ಬೇರೆ ಅಂಗಿ ಹಾಕಿಕೊಂಡು. ಇಂಥದ್ದೆಲ್ಲ ನಿನಗೇ ಯಾಕೆ ಆಗುತ್ತದೆ ಎಂದು ಜನ ಕೇಳುತ್ತಾರೆ. ಆಗುವಲ್ಲಿಗೆ ನಾನೇ ಹೋಗಿ ನಿಲ್ಲುತ್ತೇನಲ್ಲ, ಅದಕ್ಕೇ.

ಮ್ಯಾನೇಜ್ ಎಂಬವರು

ಕಳವಾದಲ್ಲಿ ಊರಿನವರ ಒಂದು ರೂಮು ಇತ್ತು. ಹಗಲು ಪಾಳಿಯವರು ಎದ್ದು ಹೋದ ಚಾಪೆಯ ಮೇಲೆ ರಾತ್ರಿ ಪಾಳಿಯವರು ಬಂದು ಮಲಗುವುದು. ಚಾಪೆಗೆ ಮಾತ್ರ ರಜೆ ಇಲ್ಲ. ನಾನು ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತು, "ಅಣ್ಣಾ, ಇದನ್ನು ಎಲ್ಲಿ ಇಡುದು?" ಎಂದು ಕೇಳಿದೆ.

"ಮ್ಯಾನೇಜ್," ಎಂದರು ರೂಮಿನ ಹಿರಿಯರು.

"ನಾನು ಮಲಗುದು ಎಲ್ಲಿ?"

"ಮ್ಯಾನೇಜ್."

"ಊಟ?"

"ಅದೂ ಮ್ಯಾನೇಜ್ ಮಾರಾಯಾ."

ನನಗೆ ದೊಡ್ಡ ಧೈರ್ಯ ಬಂತು. ಇಡೀ ರೂಮಿನ ಜವಾಬ್ದಾರಿ ಒಬ್ಬರೇ ಹೊತ್ತುಕೊಂಡಿದ್ದಾರಲ್ಲ, ಎಂಥ ದೊಡ್ಡ ಮನುಷ್ಯ! ಕೆಲವು ದಿನ ಕಾದು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡೇ ನಿದ್ದೆ ಮಾಡಿ, ಕಡೆಗೆ ಕೇಳಿಯೇ ಬಿಟ್ಟೆ: "ಅಣ್ಣಾ, ಈ ಮ್ಯಾನೇಜ್ ಅವರು ಬರುದು ಯಾವಾಗ?"

ಹಿರಿಯರು ನಗಲಿಲ್ಲ. ಮುಖ ಗಂಭೀರ ಮಾಡಿಕೊಂಡು, "ಅವರು ನಾನು ಬರುವ ಮೊದಲೇ ಊರಿಗೆ ಹೋದವರು. ನಾನೂ ಕಾಯ್ತಾ ಇದ್ದೇನೆ," ಎಂದರು.

ಪಾಯಸ ಮೊದಲು

ಹಲವು ಹೋಟೆಲು, ಹಲವು ಮಾಲಕರನ್ನು ದಾಟಿ ನಾನು ಅಕ್ಕನ ಹತ್ತಿರ ಬಂದೆ. ಅಕ್ಕ ಅಂದರೆ ಕುಂದಾಪುರ ಕಡೆಯ ಹೆಂಗಸು. ಡೊಂಬಿವಲಿಯಲ್ಲಿ ಅಡಿಗೆ ಮಾಡಿಸಿ ಐರೋಲಿಯ ಒಂದು ಆಫೀಸಿಗೆ ಮಧ್ಯಾಹ್ನದ ಊಟ ಕಳಿಸುವವರು. ವಯಸ್ಸಿನಲ್ಲಿ ದೊಡ್ಡವರೂ ಅವರನ್ನು ಅಕ್ಕ ಎಂದೇ ಕರೆಯುವುದು. ಅವರು ದನಿ ಎತ್ತಿದ್ದನ್ನು ನಾನು ಕೇಳಿಲ್ಲ. ಸೌಟು ಎತ್ತಿದರೆ ಸಾಕಾಗುತ್ತಿತ್ತು.

ಐರೋಲಿಗೆ ಬಡಿಸಲು ಹೋಗುತ್ತಿದ್ದ ನನಗೆ ಆಶ್ಚರ್ಯವಾದದ್ದು ಅಲ್ಲಿಯ ಮ್ಯಾನೇಜರುಗಳ ಬೆಳೆ. "ಮ್ಯಾನೇಜರ್ ಸಾಬ್, ಚಟ್ನಿ?" ಎಂದು ಒಬ್ಬರನ್ನು ಕರೆದರೆ ಇಡೀ ಸಾಲು ತಿರುಗಿ ನೋಡುತ್ತಿತ್ತು. ಒಬ್ಬ ಹುಡುಗನನ್ನು, "ನಿಮ್ಮ ಕೈಕೆಳಗೆ ಎಷ್ಟು ಜನ?" ಎಂದು ಕೇಳಿದೆ. "ಯಾರೂ ಇಲ್ಲ. ನನ್ನನ್ನು ನಾನೇ ಮ್ಯಾನೇಜ್ ಮಾಡ್ಕೋತೇನೆ," ಎಂದ. ನನಗೆ ಅಷ್ಟು ವರ್ಷದಿಂದ ಸಾಧ್ಯವಾಗದ ಕೆಲಸ ಅದು. ಅವನಿಗೆ ಒಂದು ಹಪ್ಪಳ ಜಾಸ್ತಿ ಹಾಕಿದೆ.

ಒಂದು ದಿನ ಅಲ್ಲಿಗೆ ಹೇಳದೆ ಕೇಳದೆ ಹೊರಗಿನ ಅತಿಥಿಗಳ ತಂಡವೇ ಬಂತು. ಅನ್ನ ಸಾಲುವ ಹಾಗಿಲ್ಲ. ನಾನು ಬೆವರುತ್ತಾ, ಅಂದು ಜೊತೆಗೆ ಬಂದಿದ್ದ ಅಕ್ಕನ ಮುಖ ನೋಡಿದೆ.

"ಪಾಯಸ ಮೊದಲು ಬಡಿಸು," ಎಂದರು.

"ಊಟದ ಮೊದಲು ಪಾಯಸವಾ ಅಕ್ಕಾ?"

"ಹೌದು. ಬಿಸಿಬಿಸಿ, ದೊಡ್ಡ ಲೋಟದಲ್ಲಿ. ಎರಡನೇ ಸಲವೂ ನೀನೇ ಒತ್ತಾಯ ಮಾಡಿ ಹಾಕು."

ಬೆಲ್ಲದ ಪಾಯಸ ಕುಡಿದು ಕಣ್ಣು ಅರ್ಧ ಮುಚ್ಚಿದವರು ಅನ್ನವನ್ನು ಮರ್ಯಾದೆಗೆ ಮುಟ್ಟಿದರು ಅಷ್ಟೆ. ಅನ್ನ ಮಿಕ್ಕಿತು. ಅಲ್ಲಿಯ ದೊಡ್ಡವರು ಒಳಗೆ ಬಂದು, "ವಾಹ್! ನಿಮ್ಮಲ್ಲಿ ಇದನ್ನೆಲ್ಲ ನೋಡಿಕೊಳ್ಳುವ ಮ್ಯಾನೇಜರ್ ಯಾರು?" ಎಂದು ಕೇಳಿದರು.

ಅಕ್ಕ ಪಾತ್ರೆಯ ತಳ ಕೆರೆಯುತ್ತಾ, "ಮ್ಯಾನೇಜರ್ ಇದ್ದಿದ್ರೆ ಇಷ್ಟೊತ್ತಿಗೆ ಅನ್ನ ಸಾಲುದಿಲ್ಲ ಅಂತ ಹೇಳ್ತಿದ್ದ," ಎಂದರು.

ಎಷ್ಟಕ್ಕೆ?

ಅಕ್ಕನ ಒಲೆ ಇದ್ದದ್ದು ಡೊಂಬಿವಲಿಯ ಒಂದು ವಸತಿ ಸೊಸೈಟಿಯ ಕಟ್ಟಡದ ಕೆಳಗಿನ ಅಂಗಡಿ ಕೋಣೆಯಲ್ಲಿ. ಸರಿಯಾಗಿ ಅದರ ಮೇಲೆ ಸೊಸೈಟಿಯ ಸೆಕ್ರೆಟರಿಯ ಮನೆ. ಮರಾಠಿ ಮನುಷ್ಯ, ನೇರ, ನಿಯಮವೆಂದರೆ ನಿಯಮ. ಒಗ್ಗರಣೆ ವಾಸನೆ ಸಹಿಸಲಾಗುವುದಿಲ್ಲ, ಅಡಿಗೆ ಕೋಣೆ ತೆರವು ಮಾಡಿಸಬೇಕು ಎಂದು ಅವರು ಸೊಸೈಟಿ ಮೀಟಿಂಗ್ ಕರೆದರು.

ಆ ಹೊತ್ತಿಗೆ ನನ್ನ ಕಾಲು ತುರಿಸಲು ಶುರುವಾಗಿತ್ತು. ಬ್ಯಾಗು ಅರ್ಧ ತುಂಬಿಯೂ ಆಗಿತ್ತು. ಆದರೆ ಆ ಒಲೆ ಆರಿದರೆ ಐರೋಲಿಯ ಊಟ ನಿಂತಿತು, ಅಕ್ಕನ ಅಡಿಗೆ ಕೋಣೆಯಲ್ಲಿ ಕೆಲಸ ಮಾಡುವ ಹೆಂಗಸರ ಮನೆಯ ಒಲೆಗಳೂ ನಿಂತವು. ಅಕ್ಕ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಹಾಗಿರುವಾಗ ಹೊರಡುವುದು ಸರಿಯಲ್ಲ ಎಂದು ಬ್ಯಾಗನ್ನು ಅಟ್ಟದ ಮೇಲೆ ಎಸೆದೆ.

ಮೀಟಿಂಗಿನಲ್ಲಿ ಅಕ್ಕ ಎದ್ದು ನಿಂತು, ತನಗೆ ಬರುವ ಹಿಂದಿಯಲ್ಲಿ ಧೈರ್ಯವಾಗಿ ಹೇಳಿದರು: "ಆಪ್ ಲೋಗ್ ಚಿಂತಾ ಮತ್ ಕರೋ. ಸೆಕ್ರೆಟರಿ ಸಾಬ್ ಕೋ ಮೈಂ ಮ್ಯಾನೇಜ್ ಕರ್ ಲೂಂಗಿ."

ಚಿಂತೆ ಬೇಡ, ಸೆಕ್ರೆಟರಿಯನ್ನು ನಾನು ಮ್ಯಾನೇಜ್ ಮಾಡ್ತೇನೆ ಎಂದು. ಮರಾಠಿಯವರ ಕಿವಿಯಲ್ಲಿ ಈ ಶಬ್ದಕ್ಕೆ ಇನ್ನೊಂದು ಅಂಗಿ ಉಂಟು. 'ಅವನು ಮ್ಯಾನೇಜ್ ಆದ' ಅಂದರೆ ಗುಟ್ಟಾಗಿ ತೆಗೆದುಕೊಂಡು ಬಾಯಿ ಮುಚ್ಚಿದ ಎಂದು ಅರ್ಥ. ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಕಿತೀಲಾ?" ಎಷ್ಟಕ್ಕೆ?

ಸೆಕ್ರೆಟರಿ ಕುರ್ಚಿಯಿಂದ ಹಾರಿ ಎದ್ದರು. "ನಾನು ಮ್ಯಾನೇಜ್ ಆಗುವ ಮನುಷ್ಯನಲ್ಲ! ಇನ್ನು ಮುಂದೆ ಈ ಸೊಸೈಟಿಯಲ್ಲಿ ಆ ಶಬ್ದ ಯಾರೂ ಉಚ್ಚರಿಸಕೂಡದು!" ಎಂದು ಗುಡುಗಿದರು. ಅಡಿಗೆ ಕೋಣೆಯ ತೀರ್ಮಾನವನ್ನು ತನ್ನ ಮಗನ ಮದುವೆ ಮುಗಿದ ಮೇಲಿನ ಮೀಟಿಂಗಿಗೆ ಇಟ್ಟರು. ಅದು ಏನಾಗುತ್ತದೆಂದು ಅವರ ಮೀಸೆಯೇ ಹೇಳುತ್ತಿತ್ತು.

ಮೆಟ್ಟಿಲು ಇಳಿಯುವಾಗ ಅಕ್ಕ ಕೇಳಿದರು, "ನಾನು ಎಂತ ಹೇಳಿದೆ ಮಾರಾಯಾ? ಹೊಗೆಗೆ ಒಂದು ಚಿಮಣಿ ಹಾಕಿಸ್ತೇನೆ ಅಂತ ಹೇಳುದಕ್ಕೆ ಹೊರಟದ್ದು. ಅಷ್ಟರೊಳಗೆ ಇವರು ರೇಟು ಕೇಳಿದ್ರು!"

ಕುದುರೆಯಿಂದ ಕುರ್ಚಿಗೆ

ಅದೇ ಕಟ್ಟಡದಲ್ಲಿ ಧಾರವಾಡದ ಸರ್ ಒಬ್ಬರಿದ್ದರು. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ದಿನಾ ಸಂಜೆ ಅಕ್ಕನ ಕಾಫಿಗೆ ಬಂದು ಸ್ಟೂಲಿನ ಮೇಲೆ ಕೂರುವರು. ಮೀಟಿಂಗಿನ ಮಾರನೇ ದಿನ ನಾನು ಅವರ ಮುಂದೆ ಹಳೇ ಸಿಟ್ಟು ತೋಡಿಕೊಂಡೆ. "ಸರ್, ಈ ದರಿದ್ರ ಶಬ್ದಕ್ಕೆ ನಿಜವಾದ ಅರ್ಥ ಎಂತದು?"

ಸರ್ ಕಾಫಿ ಲೋಟ ಕೆಳಗಿಟ್ಟರು. "ಕೇಳಪಾ. ಆ ಶಬ್ದ ಹುಟ್ಟಿದ್ದು ಆಫೀಸಿನಾಗ ಅಲ್ಲ, ಕುದುರಿ ಲಾಯದಾಗ. ಇಟಲಿ ಕಡಿಂದ ಇಂಗ್ಲಿಷಿಗೆ ಬಂತು. ಅದರ ಬೇರು ಅಂದ್ರ ಕೈ. ಕುದುರಿನ್ನ ಕೈಯಾಗ ಹಿಡದು ಪಳಗಿಸಿ, ಹೇಳಿದಂಗ ಹೆಜ್ಜಿ ಹಾಕಿಸೋದಕ್ಕ ಮ್ಯಾನೇಜ್ ಅಂತಿದ್ರು. ಆಮ್ಯಾಲ ಕತ್ತಿ ಆಡಿಸೋದಕ್ಕೂ ಅದ ಆತು. ಫ್ರೆಂಚರದ್ದು ಮನೆವಾರ್ತೆ ಅನ್ನೋ ಅರ್ಥದ ಒಂದು ಶಬ್ದ ಇತ್ತು, ಅದೂ ಬಂದು ಕೂಡಿಕೊಂತು, ಮನಿ ನಡಸೋದೂ ಆತು. ಆಮ್ಯಾಲ ವ್ಯಾಪಾರ. ಹಂಗ ಕುದುರಿ ಇಳದು ಬಂದು ಕುರ್ಚಿ ಮ್ಯಾಲ ಕೂತದ್ದು ಐರೋಲಿಯೊಳಗ."

"ನಾವು ಕಷ್ಟಪಟ್ಟು ಸುಧಾರಿಸುದಕ್ಕೆ ಹೇಳ್ತೇವಲ್ಲ?"

"ಅದೂ ಖರೇನ. ಕುದುರಿ ಸಿಗಲಿಲ್ಲ ಅಂದ್ರ ನಡಕೊಂತ ಹೋಗೋದಕ್ಕೂ ಕಡೀಗೆ ಅದ ಶಬ್ದ ಹಚ್ಚಿದ್ರು."

ಒಳಗಿನಿಂದ ಅಕ್ಕ, "ಹಾಗಾದ್ರೆ ಕುದುರೆಗೆ ಹೇಳಿದ ಮಾತನ್ನು ನನಗೆ ಯಾಕೆ ಹೇಳುದು ಸರ್? ನಾನೇನು ಕುದುರೆಯಾ?" ಎಂದರು.

"ಅಲ್ರೀ ಅಕ್ಕಾರ," ಎಂದರು ಸರ್, ಖಾಲಿ ಲೋಟ ಮುಂದೆ ಚಾಚಿ. "ನೀವು ಕೈ."

ಎರಡನೇ ಕಾಫಿ ಅವರಿಗೆ ಹೀಗೆಯೇ ಸಿಗುತ್ತಿದ್ದದ್ದು.

ಘೋಡಿ

ಸೆಕ್ರೆಟರಿಯ ಮಗನ ಮದುವೆ ಒಂದು ಶುಕ್ರವಾರ. ಹಾಲ್ ಪಕ್ಕದ ರಸ್ತೆಯಲ್ಲೇ. ಆದರೂ ಮದುಮಗ ಕುದುರೆಯ ಮೇಲೆ ಹೋಗಬೇಕೆಂದು ಕಲ್ಯಾಣದಿಂದ ಒಂದು ಬಿಳಿ ಘೋಡಿ ತರಿಸಿದ್ದರು. ಹಣೆಗೆ ಮುತ್ತಿನ ಪಟ್ಟಿ, ಬೆನ್ನಿಗೆ ಜರಿ. ಮದುಮಗನಿಗಿಂತ ಅದೇ ಚೆನ್ನಾಗಿ ಕಾಣುತ್ತಿತ್ತು.

ಶುಕ್ರವಾರ ಐರೋಲಿಗೆ ಪಾಯಸದ ದಿನ. ಅಕ್ಕ ಕಿಟಕಿಯ ಪಕ್ಕದ ದೊಡ್ಡ ಒಲೆಯಲ್ಲಿ ಬೆಲ್ಲ ಕರಗಿಸುತ್ತಿದ್ದರು. ಬ್ಯಾಂಡು ಶುರುವಾಯಿತು, ಮೆರವಣಿಗೆ ಹೊರಟಿತು, ಘೋಡಿ ನಾಲ್ಕು ಹೆಜ್ಜೆ ಚಂದವಾಗಿ ನಡೆಯಿತು. ಅಕ್ಕನ ಕಿಟಕಿ ಬಂದದ್ದೇ ತಡ, ನಿಂತಿತು. ಮೂಗು ಅರಳಿಸಿತು. ಆಮೇಲೆ ಕತ್ತನ್ನು ಕಿಟಕಿಯ ಒಳಗೆ ತೂರಿಸಿ, ನೆಂಟರ ಮನೆಗೆ ಬಂದ ಹಾಗೆ ನೆಮ್ಮದಿಯಾಗಿ ನಿಂತುಬಿಟ್ಟಿತು.

ಕುದುರೆಯವನು ಎಳೆದ. ಸೆಕ್ರೆಟರಿ ಹಿಂದಿನಿಂದ ದೂಡಿದರು. "ಸಾಹೇಬ್, ಹಿಂದೆ ನಿಲ್ಲಬೇಡಿ, ಅದು ಸೊಸೈಟಿ ಗಿಸೈಟಿ ನೋಡುವುದಿಲ್ಲ," ಎಂದು ಕುದುರೆಯವನು ಎಚ್ಚರಿಸಿದ. ಮೇಲೆ ಮದುಮಗನ ಪೇಟ ನಮ್ಮ ಬೋರ್ಡಿಗೆ ಸಿಕ್ಕಿ ಬಿಚ್ಚಿಕೊಳ್ಳುತ್ತಿತ್ತು. ಅತ್ತ ಹಾಲಿನಿಂದ ಫೋನಿನ ಮೇಲೆ ಫೋನು: ಮುಹೂರ್ತ ಮೀರುತ್ತಿದೆ, ಹುಡುಗ ಎಲ್ಲಿ?

"ಕಿಟಕಿಯಲ್ಲಿ," ಎಂದು ಯಾರೋ ನಿಜವನ್ನೇ ಹೇಳಿದರು.

ಕಡೆಗೆ ಸೆಕ್ರೆಟರಿ ಬೆವರು ಒರೆಸಿಕೊಂಡು ಕಿಟಕಿಯ ಸಂದಿನಲ್ಲಿ ಮುಖ ತೂರಿಸಿ, ಕುದುರೆಯ ಪಕ್ಕದಿಂದಲೇ ಅಕ್ಕನಿಗೆ ಕೈಮುಗಿದರು: "ತಾಯಿ, ಕಾಹೀತರೀ ಮ್ಯಾನೇಜ್ ಕರಾ!" ಏನಾದರೂ ಮ್ಯಾನೇಜ್ ಮಾಡಿ!

ಅಕ್ಕ ನಿಧಾನವಾಗಿ ಒಲೆ ಸಣ್ಣ ಮಾಡಿದರು. "ಆ ಶಬ್ದ ಸೊಸೈಟಿಯಲ್ಲಿ ಬೇಡ ಅಂದಿದ್ರಲ್ಲ ಸಾಬ್?" ಎಂದು ಹಿಂದಿಯಲ್ಲಿ ಕೇಳಿ, ಉತ್ತರಕ್ಕೆ ಕಾಯದೆ ಒಂದು ಬೆಲ್ಲದ ಉಂಡೆ ಅಂಗೈಯಲ್ಲಿಟ್ಟುಕೊಂಡು ಹೊರಗೆ ಬಂದರು. ಘೋಡಿಯ ಮೂಗಿನ ಮುಂದೆ ಕೈ ಹಿಡಿದು ಒಂದು ಹೆಜ್ಜೆ ಹಿಂದೆ ಇಟ್ಟರು. ಘೋಡಿ ಒಂದು ಹೆಜ್ಜೆ ಮುಂದೆ ಬಂತು. ಇನ್ನೊಂದು ಹಿಂದೆ, ಇನ್ನೊಂದು ಮುಂದೆ. ಸೆರಗು ಸೊಂಟಕ್ಕೆ ಸಿಕ್ಕಿಸಿದ ಅಕ್ಕ, ಹಿಂದೆ ಘೋಡಿ, ಅದರ ಹಿಂದೆ ಬ್ಯಾಂಡು, ಅದರ ಹಿಂದೆ ಇಡೀ ಸೊಸೈಟಿ. ಬಾಲ್ಕನಿಯಿಂದ ಧಾರವಾಡದ ಸರ್ ಎರಡೂ ಕೈ ಎತ್ತಿ ಕಿರುಚುತ್ತಿದ್ದರು: "ಮೂಲಾರ್ಥ! ಮೂಲಾರ್ಥ ನೋಡ್ರೋ!"

ಹಾಲಿನ ಬಾಗಿಲಲ್ಲಿ ಹೆಣ್ಣಿನ ಕಡೆಯವರು, ಮೆರವಣಿಗೆಯ ಮುಂದೆ ಇಷ್ಟು ಗತ್ತಿನಲ್ಲಿ ಬರುವವರು ಗಂಡಿನ ಸೋದರತ್ತೆಯೇ ಇರಬೇಕೆಂದು ಅಕ್ಕನಿಗೆ ಮೊದಲ ಆರತಿ ಎತ್ತಿ, ಕುಂಕುಮವಿಟ್ಟು, ಕೈಗೆ ತೆಂಗಿನಕಾಯಿ ಕೊಟ್ಟರು. ಅಕ್ಕ ಕಾಯಿ ತೆಗೆದುಕೊಂಡರು, ಬೆಲ್ಲ ಘೋಡಿಗೆ ಕೊಟ್ಟರು, "ಪಾಯಸ ತಳ ಹಿಡೀತದೆ," ಎಂದು ತಿರುಗಿ ಓಡಿದರು.

ಮುಂದಿನ ಮೀಟಿಂಗಿನಲ್ಲಿ ಅಡಿಗೆ ಕೋಣೆಯ ವಿಷಯ ಬಂತು. ಸೆಕ್ರೆಟರಿ ಕೆಮ್ಮಿ, ಮೀಸೆ ಸರಿಮಾಡಿಕೊಂಡು, ವಾಸನೆಯ ಬಗ್ಗೆ ತನಗೆ ಈಗ ಯಾವ ದೂರೂ ಇಲ್ಲ, ಚಿಮಣಿ ಹಾಕಿಸಿದರೆ ಸಾಕು, ಕೋಣೆ ಅವರಿಗೇ ಇರಲಿ ಎಂದರು.

ಹಿಂದಿನ ಸಾಲಿನ ಅದೇ ದನಿ: "ಸೆಕ್ರೆಟರಿ ಮ್ಯಾನೇಜ್ ಝಾಲಾ!" ಸೆಕ್ರೆಟರಿ ಮ್ಯಾನೇಜ್ ಆದ!

ಸೆಕ್ರೆಟರಿ ಒಂದು ಕ್ಷಣ ಕೆಂಪಾದರು. ಮೀಸೆಯ ಕೆಳಗೆ ಏನೋ ಅಲುಗಿತು. "ಮೀ ನಾಹೀ," ಎಂದರು. "ಘೋಡೀ ಝಾಲೀ." ನಾನಲ್ಲ, ಕುದುರೆ ಆದದ್ದು.

ಆ ನಗೆ ಸ್ಟೇಷನ್ನಿನವರೆಗೆ ಕೇಳಿರಬೇಕು.

ನಾನು ಅಟ್ಟದಿಂದ ಬ್ಯಾಗು ಇಳಿಸಿದ್ದು ಇವತ್ತು ಬೆಳಿಗ್ಗೆ. ಅಕ್ಕ ಸಂತೋಷಕ್ಕೆ ನನ್ನ ಕೊರಳಿಗೊಂದು ಪಟ್ಟಿ ಹಾಕಿದ್ದರು, ಐರೋಲಿಯವರು ಹಾಕುವಂಥದ್ದು. ತುದಿಯ ಕಾರ್ಡಿನಲ್ಲಿ 'ಮ್ಯಾನೇಜರ್' ಎಂದು ಅಚ್ಚು. ಲಗಾಮು ಹಾಕಿದಾಗ ಘೋಡಿಗೆ ಏನನಿಸುತ್ತದೆಂದು ಆಗ ತಿಳಿಯಿತು. ಅದನ್ನು ಬಿಚ್ಚಿ, ಮಡಚಿ, ಕಾಫಿ ಡಬ್ಬಿಯ ಪಕ್ಕ ಇಟ್ಟೆ.

"ಎಲ್ಲಿಗೆ?" ಎಂದರು ಅಕ್ಕ. ಬೈಯಲಿಲ್ಲ.

"ಪನವೇಲ್ ಕಡೆ... ನೋಡ್ಬೇಕು."

ಒಳಗೆ ಹೋದವರು ಒಂದು ಬೆಲ್ಲದ ಉಂಡೆ ತಂದರು. ಅಂಗೈಯಲ್ಲಿಟ್ಟು ನನ್ನ ಮೂಗಿನ ಮುಂದೆ ಹಿಡಿದು, ಅಡಿಗೆ ಕೋಣೆಯ ಕಡೆಗೆ ಒಂದು ಹೆಜ್ಜೆ ಹಿಂದೆ ಇಟ್ಟರು.

"ಅಕ್ಕಾ, ನಾನೇನು ಕುದುರೆಯಾ?"

"ಕುದುರೆಯಾಗಿದ್ರೆ ಒಂದು ಉಂಡೆಗೆ ಮ್ಯಾನೇಜ್ ಆಗ್ತಿದ್ದೆ ಮಾರಾಯಾ," ಎಂದು ನಕ್ಕು, ಉಂಡೆಯನ್ನು ನನ್ನ ಕೈಗೆ ತುರುಕಿ ಒಲೆಯ ಹತ್ತಿರ ಹೋದರು. ಹೊಗೆಯೆಲ್ಲ ಚಿಮಣಿಗೆ ಹೋಗುತ್ತಿತ್ತು. ಆದರೂ ಕಣ್ಣು ಒರೆಸಿಕೊಂಡರು.

ಈಗ ಬ್ಯಾಗಿನ ಜಿಪ್ಪು ಆ ಬೆಲ್ಲಕ್ಕೆ ಸಿಕ್ಕಿ ಮುಚ್ಚುತ್ತಿಲ್ಲ. ಒಂದು ಕೈಯಲ್ಲಿ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಹೇಗಾದರೂ ಮ್ಯಾನೇಜ್ ಮಾಡುತ್ತೇನೆ.

ಇಂಗ್ಲಿಷ್ ಮಾಷ್ಟ್ರೇ, ಇದು ಸ್ವಂತ ವಾಕ್ಯ.