ಮ್ಯಾಪಿನಲ್ಲಿ ಸಂಪತ್ಕುಮಾರರ ಮನೆ

ಹಳೇಬೀಡಿನ ಹೊಸಬೀದಿಯಲ್ಲಿ ಯಾರ ಮನೆ ಎಲ್ಲಿ ಎಂದು ಕೇಳಿದರೂ ಚಲುವಮ್ಮ ಹೇಳುತ್ತಾಳೆ. ಅಷ್ಟನ್ನೇ ಹೇಳಿ ಸುಮ್ಮನಾಗಿದ್ದರೆ ಈ ಕತೆ ಹುಟ್ಟುತ್ತಲೇ ಇರಲಿಲ್ಲ.

ಬೀದಿಯ ಮೂಲೆಯಲ್ಲಿ ಅವಳ ಎಳನೀರಿನ ಅಂಗಡಿ. ಸಂಪತ್ಕುಮಾರರ ಮಗಳು ಮೇಧಿನಿಯನ್ನು ನೋಡಲು ಹಾಸನದಿಂದ ಬಂದವರು ಅಲ್ಲಿ ಕಾರು ನಿಲ್ಲಿಸಿ ದಾರಿ ಕೇಳಿದ್ದರು. "ಬೇಲೂರು ತಾಲ್ಲೂಕಾಪೀಸ್ನಾಗೆ ಅವ್ರಲ್ಲ, ಆ ಸಂಪತ್ತಪ್ಪಾರಾ? ಎಡಕ್ಕೆ ನಾಕ್ನೇ ಮನೆ. ಹೆಣ್ ನೋಡಕ್ ಬಂದ್ರಾ? ಹುಡುಗಿ ಬಂಗಾರ ಕಣ್ರೀ. ಒಸಿ ನ್ಯಾಯ ಮಾತಾಡ್ತದೆ, ಅಷ್ಟೇಯ," ಎಂದಳು ಚಲುವಮ್ಮ. ಹಾಸನದವರು ಎಳನೀರು ಕುಡಿದು, ಅಲ್ಲಿಂದಲೇ ಕಾರು ತಿರುಗಿಸಿಕೊಂಡು ಹೋದರು. ಆಮೇಲೆ ಬಂದ ಚಿಕ್ಕಮಗಳೂರಿನವರು ಮನೆಯವರೆಗೂ ಬಂದರು. ಬಂದು ಕೂತವರೇ ಹಾಸನದವರು ಯಾಕೆ ವಾಪಸ್ಸು ಹೋದರು ಎಂದು ವಿಚಾರಿಸಿದರು.

ಈಗ ಮೂರನೆಯದು. ಅರಸೀಕೆರೆಯ ರಘುರಾಮ್ ಎಂಬುವರ ಮಗ ವಂಶಿ, ತಿಪಟೂರಿನಲ್ಲಿ ಬ್ಯಾಂಕಿನ ಕೆಲಸ. ಸಂಪತ್ಕುಮಾರರ ಹೆಂಡತಿ ಆಂಡಾಳಮ್ಮನ ಚಿಕ್ಕಪ್ಪನ ಮಗ ಫೋನಿನಲ್ಲೇ ಕುದುರಿಸಿದ ಸಂಬಂಧ. ಕಳಿಸಿದ್ದ ಫೋಟೊದಲ್ಲಿ ಹುಡುಗ ಬೆಟ್ಟದ ತುದಿಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ನಿಂತಿದ್ದ, ಮುಖ ನಿಂಬೆಬೀಜದಷ್ಟು ಕಾಣುತ್ತಿತ್ತು. ಮೇಧಿನಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ಲೆಕ್ಕ ಖಚಿತ.

"ಅಪ್ಪ, ಇದು ಮೂರನೇದು, ಇದೇ ಕೊನೇದು. ಇದೂ ಆಗ್ಲಿಲ್ಲ ಅಂದ್ರೆ ಇನ್ನು ಕೇಸರಿಬಾತ್ ತಟ್ಟೆ ಹಿಡ್ಕೊಂಡು ಯಾರ ಮುಂದೇನೂ ಬಂದು ನಿಲ್ಲಲ್ಲ. ಮದುವೆ ಮಾತೇ ಎತ್ತಬಾರದು."

ಮಗಳು ಹೇಳಿದ್ದನ್ನು ಮಾಡುವವಳೆಂಬುದು ಸಂಪತ್ಕುಮಾರರಿಗೆ ಗೊತ್ತಿತ್ತು. ಹೇಗಾದರೂ ಮಾಡಿ ಅರಸೀಕೆರೆಯವರು ಚಲುವಮ್ಮನ ಬಾಯಿಗೆ ಬೀಳದೆ ನೇರವಾಗಿ ಮನೆಗೆ ಬರಬೇಕು. ಶನಿವಾರ ಲೊಕೇಶನ್ ಕಳಿಸಿದರು. "ಇದು ಕೆರೆ ಮಧ್ಯಕ್ಕೆ ತೋರಿಸ್ತಿದೆಯಲ್ಲ ಸ್ವಾಮಿ," ಎಂದು ರಘುರಾಮ್ ಫೋನ್ ಮಾಡಿದರು. "ಮನೆ ಹೆಸರು ಮ್ಯಾಪಲ್ಲಿದ್ರೆ ಹೇಳಿ, ನೋಡ್ಕೊಂಡು ಬರ್ತೀವಿ. ನಾಳೆ ಹನ್ನೊಂದೂವರೆಗೆ ಅಲ್ಲಿರ್ತೀವಿ."

ಮನೆಯ ಹೆಸರು 'ಶ್ರೀನಿಧಿ', ಅದನ್ನೇ ಹೇಳಿದರು. ಮ್ಯಾಪಿನಲ್ಲಿ ಇರಲಿಲ್ಲ. ಯಾರು ಬೇಕಾದರೂ ಸೇರಿಸಬಹುದು ಎಂದು ಮ್ಯಾಪೇ ಹೇಳಿತು. ಸಂಪತ್ಕುಮಾರರು ಕನ್ನಡಕ ಹಾಕಿಕೊಂಡು ಕೂತರು.

ಸೇರಿಸುವುದಕ್ಕೆ ಒಂದು ಅರ್ಜಿ ನಮೂನೆ ಇತ್ತು. ಕಾಲಂ ಖಾಲಿ ಬಿಟ್ಟ ಅರ್ಜಿಗಳನ್ನು ಇಪ್ಪತ್ತಾರು ವರ್ಷ ಜನರ ಮುಖಕ್ಕೆ ವಾಪಸ್ಸು ಕೊಟ್ಟ ಮನುಷ್ಯ ತಾನು ಖಾಲಿ ಬಿಡುವುದುಂಟೆ. 'ಸ್ಥಳದ ಬಗೆ' ಎಂಬ ಕಾಲಮ್ಮಿನಲ್ಲಿ ದೇವಸ್ಥಾನ, ಶಾಲೆ, ಪೆಟ್ರೋಲ್ ಬಂಕು ಎಲ್ಲ ಇದ್ದವು, ಮನೆ ಎಂಬುದು ಅವರ ಕಣ್ಣಿಗೆ ಬೀಳಲಿಲ್ಲ. ಬಂದವರಿಗೆ ತಿಂಡಿ ಕೊಡುವುದು ಸತ್ಯವಾದ್ದರಿಂದ 'ಊಟ–ತಿಂಡಿ' ಎಂದು ಒತ್ತಿದರು. 'ತೆರೆದಿರುವ ವೇಳೆ' ಎಂದಲ್ಲಿ ಭಾನುವಾರ ಎಂಟರಿಂದ ನಾಲ್ಕು ಎಂದು ಬರೆದರು, ಆಮೇಲೆ ರಾಹುಕಾಲ. ಫೋನ್ ನಂಬರು ಬರೆದರು. ಫೋಟೊ ಲಗತ್ತಿಸಿ ಎಂದಿತು. ಆಂಡಾಳಮ್ಮ ತಂಗಿಗೆ ಕಳಿಸಲೆಂದು ತೆಗೆದಿದ್ದ ಪುಳಿಯೋಗರೆ ಫೋಟೊ ಕೈಗೆ ಸಿಕ್ಕಿತು, ಲಗತ್ತಿಸಿದರು.

'ಸ್ಥಳೀಯರು ದೃಢಪಡಿಸಿದ ನಂತರ ಪ್ರಕಟವಾಗುವುದು' ಎಂದಿತು ಮ್ಯಾಪು. ಪಂಚರ ಸಹಿ ಇಲ್ಲದೆ ಮಹಜರು ನಿಲ್ಲುವುದಿಲ್ಲವಲ್ಲ, ಇದೂ ಹಾಗೇ ಎಂದುಕೊಂಡ ಸಂಪತ್ಕುಮಾರರು ಮೊಬೈಲ್ ಅಂಗಡಿ ರವಿಕುಮಾರನ ಹತ್ತಿರ ಹೋದರು. ಅವನು ನೋಡಿದ. ಊಟ–ತಿಂಡಿ, ವೇಳೆ, ಪುಳಿಯೋಗರೆ. ಅವನ ಮುಖ ಅರಳಿತು.

"ಒಳ್ಳೆ ಕೆಲ್ಸ ಸಾರ್. ನಮ್ ಬೀದಿ ಗ್ರೂಪಿಗೆ ಹಾಕ್ತೀನಿ, ಎಲ್ರೂ ಕನ್ಫರ್ಮ್ ಮಾಡ್ತಾರೆ. ನೀವ್ ಆರಾಮಾಗಿ ಹೋಗಿ ಮಲಕ್ಕೊಳಿ."

ಅವರು ಹೋಗಿ ಮಲಗಿಕೊಂಡರು. ಇರಲಾರದೆ ಇರುವೆ ಬಿಟ್ಟುಕೊಂಡೆನೆಂಬುದು ಅವರಿಗೆ ತಿಳಿದದ್ದು ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ.

ಜಗಲಿಯ ಮೇಲೆ ನಾಲ್ವರು ಅಪರಿಚಿತರು ಕೂತು ಫ್ಯಾನ್ ಹಾಕಿ ಎನ್ನುತ್ತಿದ್ದರು. "ನಾಕು ಪುಳಿಯೋಗರೆ. ಆಮೇಲೆ ಕಾಫಿ, ಸಕ್ಕರೆ ಕಮ್ಮಿ."

"ಇದು ಮನೆ ಕಣ್ರೀ," ಎಂದರು ಸಂಪತ್ಕುಮಾರರು.

"ಅದಕ್ಕೇ ಬಂದಿದ್ದು. ಮನೆ ಊಟ ಅಂತ ಹಾಕಿದಾರಲ್ಲ," ಎಂದು ಒಬ್ಬ ಫೋನ್ ತೋರಿಸಿದ.

ಸಂಪತ್ಕುಮಾರರು ಓದಿದರು. ಬರೀ ಶ್ರೀನಿಧಿ ಎಂದರೆ ಯಾರಿಗೂ ಸಿಕ್ಕುವುದಿಲ್ಲವೆಂದು ರವಿಕುಮಾರ ಅದನ್ನು 'ಶ್ರೀನಿಧಿ ಅಯ್ಯಂಗಾರ್ ಪುಳಿಯೋಗರೆ ಮೆಸ್' ಎಂದು ತಿದ್ದಿದ್ದ. ಕೆಳಗೆ ಬೀದಿಯ ಹದಿನೇಳು ಜನ ಐದೈದು ನಕ್ಷತ್ರ ಕೊಟ್ಟಿದ್ದರು. ಪಕ್ಕದ ಮನೆಯ ನಿವೃತ್ತ ಹೆಡ್ಮಾಸ್ಟರು ಷಡಕ್ಷರಪ್ಪನವರು 'ಶಿಸ್ತು ಮತ್ತು ಶುಚಿತ್ವಕ್ಕೆ ಹೆಸರಾದ ಸಂಸ್ಥೆ' ಎಂದು ಬರೆದಿದ್ದರು. ಸಂಸ್ಥೆ ಹುಟ್ಟಿ ಹನ್ನೆರಡು ಗಂಟೆಯಾಗಿತ್ತು.

"ಪುಳಿಯೋಗರೆ ಇಲ್ಲ, ಏನೂ ಇಲ್ಲ, ಏಳಿ," ಎನ್ನುವಷ್ಟರಲ್ಲಿ ಒಳಗಿನಿಂದ ಆಂಡಾಳಮ್ಮನ ದನಿ ಬಂತು. "ಇದೆ. ಹಸಿದು ಬಂದೋರನ್ನ ಹಾಗೇ ಕಳಿಸೋದಾ? ಬೀಗರಾಗೋರಿಗೇಂತ ಒಂದು ಗುಂಡಿ ಪಾತ್ರೆ ತುಂಬ ಕಲಸಿದೀನಿ."

ಅವರು ತಿಂದರು. ತಿಂದು, ಇಂಥ ಪುಳಿಯೋಗರೆ ಎಲ್ಲೂ ತಿಂದಿಲ್ಲಮ್ಮ ಎಂದರು. ಮೂವತ್ತು ವರ್ಷ ಗಂಡನಿಂದ 'ಉಪ್ಪು ಒಂದು ಕಲ್ಲು ಮುಂದಾಗಿದೆ' ಎಂಬುದನ್ನಷ್ಟೇ ಕೇಳಿದ್ದ ಆಂಡಾಳಮ್ಮನಿಗೆ ಕಣ್ಣಲ್ಲಿ ನೀರು ಬಂತು. ಆಮೇಲೆ ಅವರು ಯಾರನ್ನೂ ವಾಪಸ್ಸು ಕಳಿಸಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಇನ್ನೂ ಎರಡು ಪಂಗಡ ತಿಂದು ಹೋಯಿತು.

ಸಂಪತ್ಕುಮಾರರು ಮೆಸ್ಸನ್ನು ಮ್ಯಾಪಿನಿಂದ ಅಳಿಸಲು ಕೂತರು. ಕಾರಣ ಕೇಳಿತು. 'ಇಂಥ ಮೆಸ್ ಇರುವುದಿಲ್ಲ' ಎಂದು ಬರೆದರು. ಮ್ಯಾಪು ಅದನ್ನು ಸ್ಥಳೀಯರ ಮುಂದಿಟ್ಟು, ಹೌದೇ ಎಂದು ಕೇಳಿತು. ಹನ್ನೊಂದು ಜನ ಇಲ್ಲ, ಇದೆ ಎಂದರು. ಷಡಕ್ಷರಪ್ಪನವರಂತೂ ತಮ್ಮ ಜಗಲಿಯಿಂದಲೇ ಫೋಟೊ ತೆಗೆದು, ಈಗ ತಾನೇ ಜನ ಕೈ ತೊಳೆಯುತ್ತಿದ್ದಾರೆ ಎಂದು ಪುರಾವೆ ಹಾಕಿದ್ದರು. ಅರ್ಜಿ ವಜಾ ಆಯಿತು.

ಸಂಪತ್ಕುಮಾರರು ಕಾಂಪೌಂಡಿನ ಮೇಲಿಂದ ಬಗ್ಗಿದರು. "ಏನ್ ಮೇಷ್ಟ್ರೇ ಇದು?"

"ನೀವು ಹೆದರಬೇಡಿ ಸಂಪತ್ತು. ಯಾರೋ ಆಗದೋರು ನಿಮ್ಮ ಮೆಸ್ ಮುಚ್ಚಿಸೋಕೆ ನೋಡ್ತಿದಾರೆ, ನಾವಿರೋವರೆಗೂ ಆಗಲ್ಲ," ಎಂದರು ಷಡಕ್ಷರಪ್ಪ. ಆಮೇಲೆ ದನಿ ತಗ್ಗಿಸಿ, "ಸರ್ಕಾರಿ ನೌಕರಿಯಲ್ಲಿದೀರಿ. ಲೈಸೆನ್ಸು ಮನೆಯೋರ ಹೆಸರಲ್ಲಿ ತಾನೇ?" ಎಂದರು.

ಆ ಆಗದವನು ತಾನೇ ಎಂದು ಹೇಳಲು ಸಂಪತ್ಕುಮಾರರಿಗೆ ಬಾಯಿ ಬರಲಿಲ್ಲ. ಹೇಳಿದರೆ ಯಾಕೆ ಎನ್ನುತ್ತಾರೆ, ಯಾಕೆ ಎಂದು ಹೇಳಿದರೆ ಹೆಣ್ಣು ನೋಡುವ ವಿಷಯ ಬೀದಿಗೆಲ್ಲ ಗೊತ್ತಾಗುತ್ತದೆ. ಅಷ್ಟರಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಒಬ್ಬನಿಗೆ ಹತ್ತು ಪಾರ್ಸೆಲ್ ಬೇಕಿತ್ತು. ಇನ್ನೊಬ್ಬಳು ಬೆಳ್ಳುಳ್ಳಿ ಹಾಕುತ್ತೀರಾ ಎಂದಳು. ಮೂರನೆಯವನು ಮೆಸ್ಸಿಗೆ ಸ್ಟೀಲ್ ಮೇಜು ಸಪ್ಲೈ ಮಾಡುವವನು. ಒಂಬತ್ತನೆಯ ಕರೆ ಬಂದಾಗ ಸಂಪತ್ಕುಮಾರರು ಫೋನ್ ಆಫ್ ಮಾಡಿ ಅಕ್ಕಿ ಡಬ್ಬದೊಳಗೆ ಹಾಕಿಬಿಟ್ಟರು.

ಹತ್ತೂಮುಕ್ಕಾಲಕ್ಕೆ ಟೆಂಪೊ ಟ್ರಾವೆಲರ್ ಬಂದು ನಿಂತಿತು. ಹದಿನಾಲ್ಕು ಜನ ಇಳಿದರು. ಯಾರಿಗೂ ಪುಳಿಯೋಗರೆ ಬೇಕಿರಲಿಲ್ಲ. ಎಲ್ಲರೂ ಮ್ಯಾಪ್ ತೋರಿಸಿ ಒಂದೇ ಪ್ರಶ್ನೆ ಕೇಳಿದರು, ಕೆಲವರು ಕೇಳುವ ಸ್ಥಿತಿಯಲ್ಲೂ ಇರಲಿಲ್ಲ.

ಸಂಪತ್ಕುಮಾರರು ಮೂಲೆಗೆ ಓಡಿದರು. "ಚಲುವಮ್ಮ, ನಮ್ಮನೇಲಿ ಟಾಯ್ಲೆಟ್ ಇದೆ ಅಂತ ಮ್ಯಾಪಲ್ಲಿ ಹಾಕಿದೋರು ಯಾರು?"

"ನಾನೇ ಕಣ್ ಸ್ವಾಮಿ. ರವಿಯಪ್ಪ ತೋರಿಸ್ಕೊಟ್ಟ," ಎಂದಳು ಚಲುವಮ್ಮ, ಎಳನೀರು ಕೆತ್ತುತ್ತ. "ದೇವಸ್ಥಾನ ನೋಡಕ್ ಬಂದೋರೆಲ್ಲ ನನ್ನೇ ಕೇಳ್ತಾರೆ, ಎಲ್ಲೈತೆ ಎಲ್ಲೈತೆ ಅಂತವ. ಹೇಳಿ ಹೇಳಿ ಸಾಕಾಗೋಗೈತೆ. ನಿಮ್ದೆಂಗೂ ಹೊರಗಡೀಕೆ ಐತಲ್ಲ. ಯಾಪಾರಾನೂ ಆಯ್ತದೆ."

ವಾಪಸ್ಸು ಬರುವಷ್ಟರಲ್ಲಿ ಮನೆಯ ಬಲಗಡೆ ಸಾಲು ಬೆಳೆದಿತ್ತು. ಸಂಪತ್ಕುಮಾರರು ಗೇಟಿನಲ್ಲಿ ನಿಂತು ಬಂದವರನ್ನೆಲ್ಲ ಸಾಗಹಾಕತೊಡಗಿದರು. ಇಬ್ಬರು ಕಾಲೇಜು ಹುಡುಗಿಯರು, ಹಿಂದೆಯೇ ಗಂಡ ಹೆಂಡತಿ ಮಗ ಮೂವರು, ಆಮೇಲೆ ಕ್ಯಾಮೆರಾ ನೇತುಹಾಕಿಕೊಂಡ ಒಬ್ಬ. ಆ ಮೂವರಲ್ಲಿ ಗಂಡಸು ಮಾತ್ರ ಸ್ವಲ್ಪ ತಡೆದು, "ನಾವು..." ಎಂದ.

"ಗೊತ್ತು ಸ್ವಾಮಿ. ಎಲ್ರೂ ಅದಕ್ಕೇ ಬರೋದು, ನಾಚ್ಕೋಬೇಡಿ. ಬಲಗಡೆ, ದಾಸವಾಳದ ಗಿಡದ ಹಿಂದೆ. ಹೊರಡೋವಾಗ ಬಕೆಟ್ ತುಂಬಿಸಿಡಿ. ಬೇಗ ಬೇಗ ಮುಗಿಸ್ಕೊಳಿ, ನಮ್ಮನೇಗೆ ಮರ್ಯಾದಸ್ತರು ಬರೋರಿದ್ದಾರೆ," ಎಂದು ಅವನನ್ನು ದಾಟಿಸಿ, ಕ್ಯಾಮೆರಾದವನನ್ನೂ ಅದೇ ಕಡೆ ಕಳಿಸಿದರು.

ಹನ್ನೊಂದೂಕಾಲಕ್ಕೆ ಅಂತೂ ಟೆಂಪೊ ಹೊರಟಿತು. ಸಂಪತ್ಕುಮಾರರು ಗೇಟು ಹಾಕಿ, ಜಗಲಿ ಗುಡಿಸಿ, ಶರಟು ಬದಲಾಯಿಸಿದರು. ಪುಳಿಯೋಗರೆ ಗುಂಡಿಯ ತಳ ಕಾಣುತ್ತಿತ್ತು, ಕೇಸರಿಬಾತ್ ಮಾತ್ರ ಮುಟ್ಟಿರಲಿಲ್ಲ. ಮೇಧಿನಿ ಬೆಳಿಗ್ಗೆಯಿಂದ ಹಸಿರು ಸೀರೆ ಉಟ್ಟುಕೊಂಡು ತಟ್ಟೆ ತೊಳೆಯುತ್ತಿದ್ದಳು, ತಟ್ಟೆಗಳ ಸದ್ದು ಹೊತ್ತು ಹೊತ್ತಿಗೆ ಜೋರಾಗುತ್ತಿತ್ತು. ಅದು ಒಳ್ಳೆಯ ಲಕ್ಷಣವಲ್ಲ.

ಸರಿಯಾಗಿ ಹನ್ನೊಂದೂವರೆಗೆ ಬಿಳಿ ಕಾರು ಬಂತು. ಪಂಚೆ ಉಟ್ಟ ಹಿರಿಯರು, ರೇಷ್ಮೆ ಸೀರೆಯ ಹೆಂಗಸು, ಇಸ್ತ್ರಿ ಮಾಡಿದ ಶರಟಿನ ಯುವಕ ಇಳಿದರು. ಹೆಂಗಸಿನ ಕೈಯಲ್ಲಿ ಹೂವು ಹಣ್ಣಿನ ತಟ್ಟೆ. ಸಂಪತ್ಕುಮಾರರಿಗೆ ಜೀವ ಬಂದಂತಾಯಿತು. ಓಡಿ ಹೋಗಿ ಗೇಟು ತೆಗೆದರು.

"ಬನ್ನಿ, ಬನ್ನಿ. ಅರಸೀಕೆರೆಯಿಂದ ತಾನೇ?"

"ಹೌದು, ಅರಸೀಕೆರೆ ಮೇಲೇ ಬಂದ್ವಿ. ಮ್ಯಾಪ್ ನೋಡ್ಕೊಂಡು ನೆಟ್ಟಗೆ ಬಂದ್ಬಿಟ್ವಿ, ಯಾರನ್ನೂ ಕೇಳೋ ಹಾಗೇ ಇರ್ಲಿಲ್ಲ," ಎಂದರು ಹಿರಿಯರು.

ಈ ಮಾತು ಕೇಳಿ ಸಂಪತ್ಕುಮಾರರ ಎದೆ ತುಂಬಿಬಂತು. ಬೆಳಗಿನ ಪಾಡೆಲ್ಲ ಮರೆತುಹೋಯಿತು. ಜಗಲಿಯಲ್ಲಲ್ಲ, ನಡುಮನೆಯಲ್ಲಿ ಹೊಸ ಜಮಖಾನ ಹಾಸಿ ಕೂರಿಸಿದರು. ಆಂಡಾಳಮ್ಮ ಬೆಳ್ಳಿ ಲೋಟದಲ್ಲಿ ನೀರು ತಂದರು. ಹಿರಿಯರು ಗೋಡೆ, ಫೋಟೊ, ದೇವರ ಮನೆ ಎಲ್ಲವನ್ನೂ ಮೆಚ್ಚುಗೆಯಿಂದ ನೋಡಿ, "ಥೇಟ್ ಮನೇನೇ," ಎಂದರು.

ಮೇಧಿನಿ ಕೇಸರಿಬಾತ್ ತಂದಳು. ಯುವಕ ಥ್ಯಾಂಕ್ಸ್ ಎಂದು ತಲೆ ತಗ್ಗಿಸಿ ತಿನ್ನತೊಡಗಿದ.

"ಇವಳೇ ನಮ್ಮ ಮಗಳು. ಇದು ಇವಳೇ ಮಾಡಿದ್ದು," ಎಂದರು ಸಂಪತ್ಕುಮಾರರು.

"ಕೈ ಚೆನ್ನಾಗಿದೆ ಕಣಮ್ಮ. ಓದ್ತಾ ಇದೀಯಾ?" ಎಂದು ಹೆಂಗಸು ಕೇಳಿದರು.

"ಹೈಸ್ಕೂಲಲ್ಲಿ ಗಣಿತ ಹೇಳ್ಕೊಡ್ತೀನಿ. ಮದುವೆ ಆದ್ಮೇಲೂ ಕೆಲಸ ಬಿಡಲ್ಲ," ಎಂದಳು ಮೇಧಿನಿ.

"ಯಾಕ್ ಬಿಡ್ಬೇಕು? ಬಿಡ್ಲೇಬೇಡ," ಎಂದರು ಹಿರಿಯರು, ಇನ್ನೊಂದು ಚಮಚ ಬಾಯಿಗಿಡುತ್ತ.

ಮೇಧಿನಿ ಅವತ್ತು ಮೊದಲ ಸಲ ನಕ್ಕಳು. ಸಂಪತ್ಕುಮಾರರು ಧೈರ್ಯ ಮಾಡಿ ಹುಡುಗನ ಸಂಬಳ, ಸ್ವಂತ ಮನೆಯೋ ಬಾಡಿಗೆಯೋ ಎಂಬುದನ್ನೆಲ್ಲ ವಿಚಾರಿಸಿದರು. ಮೂವರೂ ಬೇಸರವಿಲ್ಲದೆ ಉತ್ತರ ಕೊಟ್ಟರು. ಯುವಕ ಎರಡನೇ ಸಲ ಹಾಕಿಸಿಕೊಂಡ. ಹೊರಡುವಾಗ ಹೆಂಗಸು ಇನ್ನೊಂದಿಷ್ಟು ಕೇಸರಿಬಾತ್ ಕಟ್ಟಿಕೊಡಲು ಕೇಳಿದರು. ಇಷ್ಟು ಸಲಿಗೆಯೇ ಎಂದು ಆಂಡಾಳಮ್ಮ ಸಂತೋಷದಿಂದ ಡಬ್ಬಿ ತುಂಬಿಸಿದರು. ಹಿರಿಯರು ಜೇಬಿಗೆ ಕೈ ಹಾಕಿದಾಗ ಸಂಪತ್ಕುಮಾರರು ಆ ಕೈಯನ್ನೇ ಹಿಡಿದುಕೊಂಡರು.

"ಛೆ ಛೆ, ಏನಿದು. ತಮ್ಮ ಅಭಿಪ್ರಾಯ ತಿಳಿಸಿ, ಅಷ್ಟು ಸಾಕು."

"ಕಾರಲ್ಲಿ ಕೂತ ತಕ್ಷಣ ತಿಳಿಸ್ತೀವಿ," ಎಂದು ಹಿರಿಯರು ಕೈ ಮುಗಿದರು.

ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಗಂಡ ಹೆಂಡತಿ ಗೇಟಿನಲ್ಲೇ ನಿಂತಿದ್ದರು. "ಇಂಥ ಜನ ಸಿಗೋದಕ್ಕೆ ಪುಣ್ಯ ಮಾಡಿರ್ಬೇಕು ಕಣೇ," ಎಂದರು ಸಂಪತ್ಕುಮಾರರು. "ನನಗೂ ಪರವಾಗಿಲ್ಲ ಅನ್ನಿಸ್ತು," ಎಂದು ಮೇಧಿನಿ ಬಾಗಿಲ ಹಿಂದಿನಿಂದ ಹೇಳಿದಳು.

ಸಂಪತ್ಕುಮಾರರು ಅಕ್ಕಿ ಡಬ್ಬದಿಂದ ಫೋನು ತೆಗೆದು, ಪಂಚೆಯಿಂದ ಒರೆಸಿ, ಆನ್ ಮಾಡಿದರು. ಅಭಿಪ್ರಾಯ ಆಗಲೇ ಬಂದಿತ್ತು, ಆದರೆ ಮ್ಯಾಪಿನಲ್ಲಿ. 'ಐದು ನಕ್ಷತ್ರ. ದಾವಣಗೆರೆಯಿಂದ ದೇವಸ್ಥಾನ ನೋಡಲು ಬಂದಿದ್ದೆವು. ಇಂಥ ಮೆಸ್ ಎಲ್ಲೂ ಕಂಡಿಲ್ಲ. ಮಗನ ಸಂಬಳವನ್ನೂ ಕೇಳುವಷ್ಟು ಆತ್ಮೀಯತೆ. ಕಾರಿನಲ್ಲಿ ಮಗು ಮಲಗಿಸಿಕೊಂಡು ಕೂತಿದ್ದ ನಮ್ಮ ಸೊಸೆಗೂ ಕೇಸರಿಬಾತ್ ಕಟ್ಟಿಕೊಟ್ಟರು.'

ಸಂಪತ್ಕುಮಾರರು ಅದನ್ನು ಎರಡು ಸಲ ಓದಿದರು. "ಏನಂತೆ, ಒಪ್ಪಿದಾರಂತಾ?" ಎಂದು ಆಂಡಾಳಮ್ಮ ಭುಜದ ಮೇಲಿಂದ ಬಗ್ಗಿದರು. ಸಂಪತ್ಕುಮಾರರು ಬೆರಳು ಕೆಳಗೆ ಸರಿಸಿದರು. ಅದರ ಕೆಳಗೆ ಇನ್ನೊಂದಿತ್ತು, ಬೆಳಿಗ್ಗೆ ಹನ್ನೊಂದು ಗಂಟೆಯದು, ರಘುರಾಮ್, ಅರಸೀಕೆರೆ ಎಂಬ ಹೆಸರಿನಲ್ಲಿ.

'ಒಂದು ನಕ್ಷತ್ರ. ಮೂರು ಜನ ಹೆಣ್ಣು ನೋಡಲು ಹೋಗಿದ್ದೆವು. ಟಾಯ್ಲೆಟ್ ತೋರಿಸಿದರು. ಸ್ವಚ್ಛವಾಗಿದೆ.'