ಮೂರ್ಛೆಯ ರಾಣಿಗೆ ಮನೆ ನೋಡಿದ್ದು

ನನಗೆ ಯಾರ ಮೇಲೂ ನಂಬಿಕೆಯಿಲ್ಲ. ಇದನ್ನು ದೊಡ್ಡ ಗುಣವೆಂದು ಹೇಳಿಕೊಳ್ಳುತ್ತಿಲ್ಲ, ದೋಷವೆಂದು ಒಪ್ಪಿಕೊಳ್ಳುವುದಕ್ಕೂ ಸಿದ್ಧನಿಲ್ಲ. ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಮೂವತ್ತು ವರ್ಷ ಮಾಲು ನೋಡುವ ಕೆಲಸ ಮಾಡಿದವನು ನಾನು. ಚೀಲದ ಬಾಯಲ್ಲಿ ಬೆಳ್ಳನೆಯ ಕೊಬ್ಬರಿ ಇಟ್ಟು, ಅಡಿಯಲ್ಲಿ ಕೌಟು ಹಿಡಿದು ಕೆಟ್ಟದ್ದನ್ನು ತುಂಬಿ, ಹಣೆಗೆ ವಿಭೂತಿ ಬಳಿದುಕೊಂಡು ನಿಂತ ಎಷ್ಟು ಜನರನ್ನು ನೋಡಿಲ್ಲ! ಮೊಣಕೈವರೆಗೆ ಚೀಲದೊಳಕ್ಕೆ ಕೈ ಇಳಿಸಿ ಅಡಿಯದನ್ನು ಮೇಲೆ ತೆಗೆಯುವುದೇ ನನ್ನ ಕಸುಬಾಗಿತ್ತು. ಕೆಲಸ ಬಿಟ್ಟ ಮೇಲೂ ಕೈ ಸುಮ್ಮನಿರಬೇಕಲ್ಲ? ಹೊಸ ಹಾಲಿನವನು ನಗುನಗುತ್ತಾ ನಮಸ್ಕಾರ ಎಂದರೆ ಸಾಕು, ಅವತ್ತಿನ ಹಾಲನ್ನು ಎರಡು ಸಲ ಮೂಸಿ ನೋಡುತ್ತೇನೆ.

ನನ್ನ ಹೆಂಡತಿ ಗಿರಿಜೆ ಇದಕ್ಕೆ ತದ್ವಿರುದ್ಧ. ಅವಳ ಪಾಲಿಗೆ ಮನುಷ್ಯರೆಲ್ಲ ಒಳ್ಳೆಯವರು, ನಾಯಿಗಳಂತೂ ಇನ್ನೂ ಒಳ್ಳೆಯವು. ಲಾರಿಗೆ ಸಿಕ್ಕಿದ್ದು, ಕಿಡ್ನಿ ಕೆಟ್ಟದ್ದು, ಕಣ್ಣು ಹೋದದ್ದು, ಹೀಗೆ ಯಾರಿಗೂ ಬೇಡವಾದ ನಾಯಿಗಳನ್ನು ತಂದು, ಆರೈಕೆ ಮಾಡಿ, ಯಾರ ಮನೆಗಾದರೂ ಸೇರಿಸುತ್ತಾಳೆ. ಬಂದವರು ಯೋಗ್ಯರೋ ಅಲ್ಲವೋ ನೋಡುವ ಇಲಾಖೆ ಮಾತ್ರ ನನ್ನದು. ಆಗ ಮನೆಯಲ್ಲಿದ್ದ ಮೂರರಲ್ಲಿ ರಾಣಿ ಎಂಬ ಕಂದು ಹೆಣ್ಣು ನಾಯಿಗೆ ಮೂರ್ಛೆರೋಗ. ಬೆಳಿಗ್ಗೆ ಎಂಟಕ್ಕೆ, ಸಂಜೆ ಎಂಟಕ್ಕೆ ಬಾಳೆಹಣ್ಣಿನ ಚೂರಿನಲ್ಲಿಟ್ಟು ಮಾತ್ರೆ ಕೊಡಬೇಕು. ತಪ್ಪಿದರೆ ಸೆಟೆದು ಬೀಳಬಹುದು, ಬಿದ್ದರೆ ಏಳದೆಯೂ ಹೋಗಬಹುದು ಎಂದು ಪಶುವೈದ್ಯರು ಎಚ್ಚರಿಸಿದ್ದರು. ಆ ಕೆಲಸಕ್ಕೆ ಗಿರಿಜೆಯನ್ನೂ ನಂಬದೆ ನಾನೇ ವಹಿಸಿಕೊಂಡಿದ್ದೆ. ಅಷ್ಟರಲ್ಲಿ ಅವಳ ಮೊಣಕಾಲಿನ ಆಪರೇಷನ್ ಹತ್ತಿರ ಬಂತು. ಅದರೊಳಗೆ ರಾಣಿಗೆ ಒಂದು ಮನೆ ಸಿಗಲೇಬೇಕಿತ್ತು.

ಸಂಬಂಧಗಳೇನೋ ಬಂದವು. ಕಿಬ್ಬನಹಳ್ಳಿಯ ಹೋಟೆಲಿನವರೊಬ್ಬರು ತೋಟ ಕಾಯಲು ನಾಯಿ ಕೇಳಿಕೊಂಡು ಬಂದು, ಕಾಯಿಲೆ ಕೇಳಿದ ಕೂಡಲೇ, "ಅಲ್ಲ ಸಾರ್, ಕಳ್ಳ ಬಂದಾಗ್ಲೇ ಇದು ಬಿದ್ಬುಟ್ರೆ ನಾವ್ ಯಾರನ್ನ ನೋಡನ?" ಎಂದರು. ನ್ಯಾಯವಾದ ಪ್ರಶ್ನೆ. ತುರುವೇಕೆರೆಯಿಂದ ಬಂದ ಮೇಷ್ಟ್ರು ದಂಪತಿ ಬಿಸ್ಕತ್ತಿನ ಪೊಟ್ಟಣ ತಂದಿದ್ದರು. ಇನ್ನೂ ಒಪ್ಪಿಗೆಯೇ ಆಗದ ನಾಯಿಗೆ ಬಿಸ್ಕತ್ತು ಯಾಕೆ? ಲಂಚದ ವಾಸನೆ ಹೊಡೆದು, ಕಾಫಿ ಕೊಟ್ಟು ಕಳಿಸಿಬಿಟ್ಟೆ. ಗಿರಿಜೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಆಮೇಲೆ ಬಂದವಳು ಜಯಮ್ಮ. ನೊಣವಿನಕೆರೆಯಲ್ಲಿ ರವಿಕೆ ಹೊಲಿಯುವ ಒಂಟಿ ಹೆಂಗಸು, ನಲವತ್ತರ ಆಸುಪಾಸು. ರಾಣಿಯ ಕಾಯಿಲೆಯನ್ನು, ಎರಡು ಹೊತ್ತೂ ಎಂಟು ಗಂಟೆಗೆ ತಪ್ಪಬಾರದ ಮಾತ್ರೆಯನ್ನು ನಾನು ಬೇಕೆಂದೇ ಭಯಂಕರವಾಗಿ ವರ್ಣಿಸಿದೆ. ಆಕೆ ಕಣ್ಣು ಮಿಟುಕಿಸದೆ ಕೇಳಿ, "ಆಯ್ತು ಬುಡಿ. ಯಾವತ್ತು ಕರ್ಕೊಂಡೋಗ್ಲಿ?" ಎಂದಳು. ಒಂದು ಪ್ರಶ್ನೆಯಿಲ್ಲ, ಒಂದು ನಿಟ್ಟುಸಿರಿಲ್ಲ! ಮಾಲು ಬಿಚ್ಚಿ ನೋಡದೆ ಒಪ್ಪಿಕೊಂಡ ಗಿರಾಕಿಯನ್ನು ನಮ್ಮ ಮಂಡಿಯಲ್ಲಿ ಯಾರೂ ನಂಬುವುದಿಲ್ಲ. ಯೋಚಿಸಿ ಹೇಳುತ್ತೇನೆಂದು ಆಕೆಯನ್ನು ಕಳಿಸಿದೆ. ಮಾರನೆಯ ಬೆಳಿಗ್ಗೆ ಗಿರಿಜೆಗೆ ಮಂಡಿ ಕಡೆ ಹೋಗಿಬರುತ್ತೇನೆಂದು ಸುಳ್ಳು ಹೇಳಿ ಏಳೂವರೆಯ ಬಸ್ಸು ಹತ್ತಿದೆ.

ನೊಣವಿನಕೆರೆಯ ಟೀ ಅಂಗಡಿಯಲ್ಲಿ ಮೊದಲ ವಿಚಾರಣೆ. "ಜಯಮ್ಮನಾ? ಚಿನ್ನದಂತೋಳು ಕಣ್ರೀ," ಎಂದ ಅಂಗಡಿಯವನು. ಇಷ್ಟು ಸಲೀಸಾಗಿ ಹೊಗಳಿದ್ದರಿಂದ ಅವನ ಮೇಲೂ ಅನುಮಾನ ಬಂತು. ಜಯಮ್ಮನ ಮನೆ ಸೇರಿದಾಗ ಎಂಟೂವರೆ ದಾಟಿತ್ತು. ಮಿಷನ್ ತುಳಿಯುತ್ತಿದ್ದ ಆಕೆ ಎದ್ದು ಚಾಪೆ ಹಾಸಿದಳು. ನಾನು ಕೂರದೆ ಮೂಲೆಮೂಲೆ ಇಣುಕಿದೆ. ಒರಳುಕಲ್ಲಿನ ಸುತ್ತ ಗೋಣಿಚೀಲ ಬಿಗಿದಿತ್ತು. ನೀರಿನ ತೊಟ್ಟಿಗೆ ಹಲಗೆ ಮುಚ್ಚಿತ್ತು. ಮಂಚದ ಕಾಲುಗಳಿಗೆಲ್ಲ ಬಟ್ಟೆ ಸುತ್ತಿತ್ತು. ಇನ್ನೂ ಮನೆಗೇ ಬರದ ನಾಯಿಗೆ ಇಷ್ಟೊಂದು ತಯಾರಿಯೇ?

"ಇದನ್ನೆಲ್ಲ ಯಾವಾಗ ಮಾಡಿದಿರಿ?" ಎಂದು ಪೊಲೀಸಿನವನ ಗತ್ತಿನಲ್ಲಿ ಕೇಳಿದೆ.

"ನಾಯಿಗಲ್ಲ ಯಜಮಾನ್ರೇ, ನನಗೆ. ಹತ್ತು ವರ್ಷದೋಳಿದ್ದಾಗಿಂದ ನನಗೂ ಅದೇ ಕಾಯಿಲೆ. ಈಗ ಮಾತ್ರೆ ನುಂಗ್ತೀನಿ, ಬಿದ್ದು ಐದು ವರ್ಷ ಆಯ್ತು. ಆದ್ರೂ ಚೀಲ ಬಿಚ್ಚೋಕೆ ಧೈರ್ಯ ಇಲ್ಲ," ಎಂದು ನಕ್ಕಳು. ಆಮೇಲೆ ನೂಲು ಕಡಿಯುತ್ತಾ ಸಹಜವಾಗಿ ಹೇಳಿದಳು: "ಹೆಣ್ ನೋಡಕ್ ಬಂದೋರೂ ಹಿಂಗೇ ಮೂಲೆಮೂಲೆ ನೋಡೋರು. ಕಾಯಿಲೆ ಅಂತಿದ್ದಂಗೆ ಎದ್ದೋಗೋರು. ನಿಮ್ ರಾಣಿ ವಿಷ್ಯ ಕೇಳ್ದಾಗ, ನಾನಾದ್ರೂ ಎದ್ದೋಗ್ಬಾರ್ದು ಅನ್ನಿಸ್ತು."

ನಾನು ಚಾಪೆಯ ಮೇಲೆ ಕೂತೆ. ನಿಲ್ಲುವ ಮುಖ ಉಳಿದಿರಲಿಲ್ಲ. ಮೂವತ್ತು ವರ್ಷ ಚೀಲದ ಅಡಿಗೆ ಕೈ ಹಾಕಿದವನಿಗೆ ಅವತ್ತಿನಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಜಯಮ್ಮ ಕಾಫಿ ಲೋಟ ಮುಂದಿಟ್ಟು, "ಅದಿರ್ಲಿ, ಇಷ್ಟೊತ್ಗೆಲ್ಲ ಬಂದ್ಬುಟ್ಟಿದೀರಲ್ಲ, ಎಂಟು ಗಂಟೆ ಮಾತ್ರೆ ಯಾರ್ ಕೊಟ್ರು?" ಎಂದಳು.

ಬಸ್ಸು ಹಿಡಿಯುವ ಆತುರದಲ್ಲಿ ನಾನು ಕೊಡುವುದನ್ನೇ ಮರೆತಿದ್ದೆ. ಗಿರಿಜೆಗೆ ಫೋನ್ ಮಾಡಿದೆ. "ನಾನ್ಯಾಕ್ರೀ ಕೊಡ್ಲಿ? ಮುಟ್ಟೋಕೇ ಬಿಡಲ್ವಲ್ಲ ನೀವು!" ಎಂದು ಕಿರುಚಿ, ಫೋನನ್ನು ಹಾಗೇ ಇಟ್ಟು ಓಡಿದಳು. ಬಾಳೆಹಣ್ಣು ಸುಲಿಯುವುದು, "ನುಂಗೇ, ನುಂಗೇ ನನ್ನವ್ವ" ಎನ್ನುವುದು ಎಲ್ಲ ಕೇಳಿಸುತ್ತಿತ್ತು. ಕೊನೆಗೆ ರಾಣಿ ಬೊಗಳಿದಳು. ಅಷ್ಟು ಇಂಪಾದ ಬೊಗಳಿಕೆಯನ್ನು ನಾನು ಕೇಳಿದ್ದೇ ಇಲ್ಲ. ಹಾಳು ಕಣ್ಣೀರು ಬಂದು ಕಾಫಿಯ ಲೋಟ ಮಂಜಾಯಿತು.

"ರಾಣಿ ನಿಮ್ಮವಳೇ ತಾಯಿ," ಎಂದೆ ಜಯಮ್ಮನಿಗೆ. "ಭಾನುವಾರ ನಾನೇ ತಂದು ಬಿಡುತ್ತೇನೆ."

ಆಕೆ ಒಂದು ಕ್ಷಣ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು.

"ಭಾನುವಾರದ ಗಂಟ ಬ್ಯಾಡ ಯಜಮಾನ್ರೇ," ಎಂದು ಚಪ್ಪಲಿ ಮೆಟ್ಟಿದಳು. "ಸಂಜೆ ಎಂಟು ಗಂಟೆ ಮಾತ್ರೆನೂ ಐತಲ್ಲ, ನಿಮ್ಮನ್ನ ಹೆಂಗ್ ನಂಬೋದು? ನಡೀರಿ, ಈಗ್ಲೇ ನಿಮ್ ಜೊತೇಲೇ ಬತ್ತೀನಿ."